ಮೇಲಿಂದ ಎರಡೂ ನದಿ ಕಾಣುತ್ತವಾ?

ಜನವರಿ 8, ಬುಧವಾರ

ಇವತ್ತು ಇಪ್ಪತ್ತಾರು. ಊಟಕ್ಕೆ ಮುಂಚೆ ಹದಿನೇಳು, ಆಮೇಲೆ ಒಂಬತ್ತು.

ನಮ್ಮ ಗುಡ್ಡದ ಪಾರ್ಕಿನ ಗೇಟಿನ ತನಕ ಬಂದು, ಕೇಬಲ್ ಕಾರ್ ಇಲ್ಲ ಎಂದು ಗೊತ್ತಾಗಿ, ಟಿಕೆಟ್ ತೆಗೆಯದೆ ವಾಪಸ್ ಹೋದವರು. ಇದನ್ನು ಬರೆದಿಡು ಎಂದು ಯಾರೂ ಹೇಳಿಲ್ಲ. ಡಿಸೆಂಬರ್ ಒಂದರಂದು ಬೇಜಾರಿಗೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಎಳೆಯಲು ಶುರು ಮಾಡಿದೆ. ಈಗ ಬಿಡಲಾಗುತ್ತಿಲ್ಲ.

ಪಕ್ಕದಲ್ಲಿ ಇನ್ನೊಂದು ಸಾಲು — ಬ್ಯಾಗ್ ಕಾಯುವವರು. ಇವರು ಟಿಕೆಟ್ ತೆಗೆದು ಒಳಗೆ ಬರುತ್ತಾರೆ. ಮನೆಯವರೆಲ್ಲ ಐನೂರ ಹನ್ನೆರಡು ಮೆಟ್ಟಿಲು ಹತ್ತಿ ಗುಡ್ಡದ ಮೇಲೆ ಹೋದರೆ ಇವರು ಕೆಳಗೆ ಹೊಂಗೆ ಮರದ ಕಟ್ಟೆಯ ಮೇಲೆ ಬ್ಯಾಗು, ನೀರಿನ ಬಾಟಲಿ ಇಟ್ಟುಕೊಂಡು ಕೂರುತ್ತಾರೆ. ಅಜ್ಜಿಯರು, ಬಸುರಿಯರು, ಮಂಡಿನೋವಿನವರು. ಇವತ್ತು ಹನ್ನೊಂದು.

ನನ್ನ ಕೆಲಸ ಒಂದೇ ವಾಕ್ಯ. "ರಿಪೇರಿ ನಡೀತಿದೆ ಸರ್, ಸದ್ಯಕ್ಕೆ ಕೇಬಲ್ ಕಾರ್ ಇಲ್ಲ." ಹದಿನೈದು ತಿಂಗಳಿಂದ ಇದೇ. ಅದಕ್ಕೂ ಮುಂಚೆ ನಾನು ಕೆಳಗಿನ ಸ್ಟೇಷನ್ನಿನಲ್ಲಿ ಕ್ಯಾಬಿನ್ ಬಾಗಿಲು ಹಾಕುವವಳು. ಬಾಗಿಲು ಹಾಕಿ, ಚಿಲಕ ಎಳೆದು ನೋಡಿ, ಕೈ ಎತ್ತಬೇಕು. ಕಾರು ನಿಂತ ಮೇಲೆ ಈ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು.

ಎಲ್ಲರೂ ಕೇಳುವುದು ಯಾವಾಗ ಶುರುವಾಗುತ್ತೆ ಅಂತ. ಇವತ್ತು ಒಬ್ಬರು ಬೇರೆ ಕೇಳಿದರು.

ಎಪ್ಪತ್ತು ದಾಟಿದ ಹೆಂಗಸು. ಬಲಗಾಲು ಮಂಡಿಯ ಕೆಳಗೆ ಇಲ್ಲ. ಆಟೋದವನು ವೀಲ್‌ಚೇರ್ ಬಿಡಿಸಿ ಕೂರಿಸಿ ಕಿಟಕಿಯ ತನಕ ತಳ್ಳಿಕೊಂಡು ಬಂದ. ನಾನು ನನ್ನ ವಾಕ್ಯ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಅದು ಗೊತ್ತಮ್ಮ, ಪೇಪರಲ್ಲಿ ಓದಿದೀನಿ. ನಂಗೆ ಬೇರೆ ಒಂದು ತಿಳ್ಕೋಬೇಕಿತ್ತು. ಮೇಲಿಂದ ಎರಡೂ ನದಿ ಒಟ್ಟಿಗೆ ಕಾಣ್ತಾವಾ?"

"ಯಾವ ಎರಡು ನದಿ?" ಅಂದೆ. ಅಂದ ಮೇಲೆ ನಾಚಿಕೆಯಾಯಿತು.

"ಎಲ್ಲಿಯವಳು ನೀನು?"

"ಭದ್ರಾವತಿ. ಕಾಗದನಗರ."

"ಹಾಗಾದ್ರೆ ಒಂದು ನಿಂದು. ಇನ್ನೊಂದು ನಂದು, ನಾನು ಶಿವಮೊಗ್ಗದವಳು. ತುಂಗೆ ಆ ಕಡೆ, ಭದ್ರೆ ಈ ಕಡೆ, ಈ ಗುಡ್ಡ ಮಧ್ಯ. ಕಾಣ್ಬೇಕಲ್ಲ?"

ಹೆಸರು ಸರಸ್ವತಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಆಟೋದ ಕೊಟ್ರಬಸಪ್ಪ ಅವರ ಹಳೇ ಸ್ಟೂಡೆಂಟ್. "ಮ್ಯಾಪಲ್ಲಿ ಸಮುದ್ರಕ್ಕೆ ಹಸಿರು ಬಳ್ದಿದ್ದೆ ಅಂತ ಮೇಡಮ್ಮೋರು ಬೆಂಚ್ ಮೇಲೆ ನಿಲ್ಸಿದ್ರು" ಎಂದು ಹೆಮ್ಮೆಯಿಂದ ಹೇಳಿದ.

ಕಾಣುತ್ತವಾ? ಗೊತ್ತಿಲ್ಲ. ಐದು ವರ್ಷ ಇಲ್ಲಿ ಕೆಲಸ ಮಾಡಿ ನನಗೆ ಗೊತ್ತಿಲ್ಲ. ಕೇಳಿ ಹೇಳ್ತೀನಿ ಮೇಡಂ ಅಂದೆ. ಮುಂದಿನ ಬುಧವಾರ ಬರ್ತೀನಿ ಅಂದರು.

ಜನವರಿ 9

ಟಿಕೆಟ್ ಕೌಂಟರಿನವರು — "ಕಾಣುತ್ತೆ, ಕಾಣುತ್ತೆ." ಸೆಕ್ಯುರಿಟಿಯವರು — "ಭದ್ರಾ ಮಾತ್ರ." ಮೇಲಿನ ಕ್ಯಾಂಟೀನಿನವರಿಗೆ ಫೋನ್ ಮಾಡಿದರೆ — "ನದೀನಾ? ಒಂದು ನಿಮಿಷ..." ಹೋದವರು ವಾಪಸ್ ಬರಲೇ ಇಲ್ಲ.

ದಿನಾ ಮೇಲೆ ನಿಲ್ಲುವವರಿಗೂ ಗೊತ್ತಿಲ್ಲ ಎನ್ನುವುದು ವಿಚಿತ್ರ.

ಜನವರಿ 13, ಸೋಮವಾರ

ಊಟದ ಹೊತ್ತಿನಲ್ಲಿ ಹತ್ತಿದೆ. ಮುನ್ನೂರನೇ ಮೆಟ್ಟಿಲ ಹತ್ತಿರ ಕೂತೆ. ನಾನೂರರ ಹತ್ತಿರ ಮತ್ತೆ ಕೂತೆ. ನನಗೆ ಮೂವತ್ತನಾಲ್ಕು. ಅಜ್ಜಿಯರು ಕಟ್ಟೆ ಬಿಟ್ಟು ಏಳದಿರುವುದರಲ್ಲಿ ಆಶ್ಚರ್ಯವಿಲ್ಲ.

ವ್ಯೂ ಪಾಯಿಂಟಿನಿಂದ ಭದ್ರೆ ಕಂಡಳು. ಕಾಗದದ ಮಿಲ್ಲಿನ ಚಿಮಣಿ ಗುರುತು ಹಿಡಿದು ನಮ್ಮ ಕ್ವಾರ್ಟರ್ಸ್ ಹುಡುಕಿದೆ, ಅಲ್ಲಿಂದ ಮುಂದೆ ಹೋದರೆ ತೆಳ್ಳಗೆ ಒಂದು ಗೆರೆ. ಇಷ್ಟು ಸಣ್ಣದಾ? ಅಮ್ಮ ಬಟ್ಟೆ ಒಗೆಯಲು ಕರೆದುಕೊಂಡು ಹೋಗುತ್ತಿದ್ದಾಗ ಆ ದಡ ಬೇರೆ ದೇಶದ ಹಾಗೆ ಕಾಣುತ್ತಿತ್ತು.

ತುಂಗೆಯ ಕಡೆ ಅಕೇಶಿಯಾ ಮರಗಳ ಗೋಡೆ. ಏನೂ ಇಲ್ಲ. ಆದರೆ ಆ ಮರಗಳ ಎತ್ತರಕ್ಕೂ ಮೀರಿ ಒಂದು ಜಾಗವಿದೆ — ಕೇಬಲ್ ಕಾರಿನ ಮೇಲಿನ ಸ್ಟೇಷನ್. ಅದರ ಪ್ಲಾಟ್‌ಫಾರ್ಮ್ ಬಂಡೆಯ ತುದಿಗೆ ಚಾಚಿದೆ. ಶಟರ್ ಎಳೆದು ಬೀಗ ಹಾಕಿದ್ದಾರೆ.

ಇಳಿದು ಕಿಟಕಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು.

ಜನವರಿ 15, ಬುಧವಾರ

ಮೇಡಂ ಬಂದರು. ಎಳ್ಳು-ಬೆಲ್ಲ ತಂದಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಭದ್ರೆಯ ಗೆರೆ, ಅಕೇಶಿಯಾ, ಬೀಗ ಹಾಕಿದ ಪ್ಲಾಟ್‌ಫಾರ್ಮ್. ಒಂದೊಂದಕ್ಕೂ ಮರುಪ್ರಶ್ನೆ. ಯಾವ ದಿಕ್ಕು? ಎಷ್ಟು ಹೊತ್ತಿಗೆ? ಮಂಜಿತ್ತಾ, ಹೊಗೆಯಾ? ಪರೀಕ್ಷೆಯಲ್ಲಿ ಕೂತ ಹಾಗಾಯಿತು. ಆದರೆ ಚೆನ್ನಾಗಿತ್ತು.

ನಮ್ಮ ಪಾರ್ಕಿನಲ್ಲಿ ಈಗ ಡೋಲಿ ಇದೆ. ಕುರ್ಚಿಗೆ ಬೊಂಬು ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ. ಹೇಳಬೇಕೆಂದು ಆಫೀಸಿನ ಆರ್ಡರ್. ಹೇಳಿದೆ.

ಮೇಡಂ ನಕ್ಕರು. "ನಾನೇನು ಉತ್ಸವಮೂರ್ತಿನಾ ಮಾರಾಯ್ತಿ? ನಾಲ್ಕು ಜನ ಹೊರೋದು ಇದ್ದೇ ಇದೆ, ಅದಕ್ಕಿಷ್ಟು ಅವಸರ ಯಾಕೆ?"

ಕೊಟ್ರಬಸಪ್ಪ ಮುಖ ಆ ಕಡೆ ತಿರುಗಿಸಿದ.

ಜನವರಿ 20, ಸೋಮವಾರ

ಮೇಲಿನ ಸ್ಟೇಷನ್ನಿನ ಬೀಗದ ಕೀ ಮನೋಹರ ಸರ್ ಹತ್ತಿರ ಇದೆ. ಕೇಬಲ್ ಕಾರಿನ ಮೆಕ್ಯಾನಿಕ್. ಕಾರು ನಿಂತಿದ್ದರೂ ಪ್ರತಿ ಸೋಮವಾರ ಹತ್ತಿ ಹೋಗಿ ಗ್ರೀಸ್ ಹಚ್ಚಿ, ಮೋಟರ್ ಇಪ್ಪತ್ತು ನಿಮಿಷ ಓಡಿಸಿ, ಆಫ್ ಮಾಡಿ ಬರುತ್ತಾರೆ. ಇವತ್ತು ಅವರ ಜೊತೆ ಹೋದೆ.

ಹತ್ತುತ್ತಾ ಕೇಳಿದೆ — ಸರ್, ನಿಜವಾಗಿ ಏನಾಗಿದೆ ಇದಕ್ಕೆ?

"ಆಗಿದ್ದಿಷ್ಟೆ. ದೊಡ್ಡ ಚಕ್ರದ ಬೇರಿಂಗ್ ಸವೆದಿತ್ತು, ನಾನೇ ಬರೆದು ಕೊಟ್ಟೆ. ಹೊಸದು ಬಂತು, ಹಾಕಿದ್ವಿ. ಹಾಕಿದ್ಮೇಲೆ ಮತ್ತೆ ಟೆಸ್ಟ್ ಆಗಿ ಸರ್ಟಿಫಿಕೇಟ್ ಬರ್ಬೇಕು. ಟೆಸ್ಟ್ ಮಾಡೋರು ಹೆಡ್ ಆಫೀಸಿಂದ ಲೆಟರ್ ಬರ್ಲಿ ಅಂತಾರೆ. ಹೆಡ್ ಆಫೀಸ್ನೋರು ಟೆಸ್ಟಿನೋರು ಡೇಟ್ ಕೊಡ್ಲಿ ಅಂತಾರೆ."

"ಅಂದ್ರೆ ಕಾರು ಸರಿಯಾಗಿದೆಯಾ?"

"ಸರಿಯಾಗಿದೆ ಅಂತ ನಾನು ಹೇಳಿದ್ರೆ ಆಗಲ್ವಲ್ಲ. ಜನ ಕೂರೋ ಗಾಡಿ."

ಒಂದು ವರ್ಷದ ಮೇಲಾಯಿತಂತೆ ಬೇರಿಂಗ್ ಹಾಕಿ. ನಾನು ಇನ್ನೂ "ರಿಪೇರಿ ನಡೀತಿದೆ" ಅನ್ನುತ್ತಿದ್ದೇನೆ.

ಶಟರ್ ಎತ್ತಿದರು. ಪ್ಲಾಟ್‌ಫಾರ್ಮಿನ ತುದಿಗೆ ಹೋದೆ. ಬಲಕ್ಕೆ ಭದ್ರೆ. ಎಡಕ್ಕೆ, ಅಕೇಶಿಯಾ ತಲೆಗಳ ಮೇಲೆ, ದೂರದಲ್ಲಿ — ನೀರು! ಬೆಳ್ಳಗೆ, ಉದ್ದಕ್ಕೆ, ಬಳುಕಿಕೊಂಡು. ಕೂಗಿಬಿಟ್ಟೆ. ಮನೋಹರ ಸರ್ ಗ್ರೀಸ್ ಡಬ್ಬಿ ಕೈಬಿಟ್ಟರು. ಆರು ಫೋಟೋ ತೆಗೆದೆ.

ಜನವರಿ 22, ಬುಧವಾರ

ಅದು ತುಂಗೆ ಅಲ್ಲ.

ಮೇಡಂ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ದೊಡ್ಡದು ಮಾಡಿ ನೋಡಿದರು. "ಇದು ನಾಲೆ."

"ನೀರಿದೆಯಲ್ಲ ಮೇಡಂ, ಬಳುಕಿದೆ."

"ಬಳುಕಿದೆ, ಆದ್ರೆ ಅಗಲ ನೋಡು. ಈ ತುದಿಗೆಷ್ಟೋ ಆ ತುದಿಗೂ ಅಷ್ಟೇ. ನದಿ ಹಾಗಿರಲ್ಲ ಕಣೇ. ಒಂದ್ಕಡೆ ಹರಡ್ಕೊಳತ್ತೆ, ಒಂದ್ಕಡೆ ಬಂಡೆ ಸಿಕ್ಕಿ ಸಣ್ಣಗಾಗತ್ತೆ. ಇದು ಯಾವನೋ ಎಂಜಿನಿಯರ್ ಸ್ಕೇಲ್ ಇಟ್ಟು ಎಳೆದಿದ್ದು."

ನನಗೆ ಅಳು ಬರುವಷ್ಟು ನಿರಾಸೆ. ಮೇಡಂಗೆ ಮಾತ್ರ ಖುಷಿ. ನಾಲೆ ಇಷ್ಟು ಕಂಡರೆ ತುಂಗೆ ಅದರ ಹಿಂದೆ ಇರಲೇಬೇಕು, ಮಧ್ಯಾಹ್ನದ ಬಿಸಿಲಿಗೆ ಬಣ್ಣವಿಲ್ಲದೆ ನೆಲದಲ್ಲಿ ಸೇರಿಹೋಗಿರುತ್ತೆ ಎಂದರು. ಸೂರ್ಯ ಮುಳುಗುವ ಕಡೆಗೇ ತುಂಗೆ ಇರುವುದು. ಬಿಸಿಲು ಓರೆಯಾದಾಗ ನೀರು ಹೊಳೆಯಬೇಕು.

"ನೀವು ಮೇಲೆ ಎಷ್ಟು ಗಂಟೆ ತನಕ ಬಿಡ್ತೀರಿ?"

"ಐದಕ್ಕೆ ವಿಷಲ್ ಹೊಡೀತಾರೆ ಮೇಡಂ."

"ಅದಕ್ಕೇ ಯಾರೂ ನೋಡಿಲ್ಲ."

ನಾನೇ ಒಂದು ಸಂಜೆ ನಿಂತು ಫೋಟೋ ತೆಗೆದುಕೊಡುತ್ತೇನೆ ಅಂದೆ. ಅವರು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ತೆಗಿ. ಬೇಡ ಅನ್ನಲ್ಲ. ಆದ್ರೆ ನೀನು ನಾಲೆನ ನದಿ ಅಂದವಳು. ನಾನು ನೋಡ್ಬೇಕು ತನುಜಾ."

ಜನವರಿ 29, ಬುಧವಾರ

ಮೇಡಂ ಬರಲಿಲ್ಲ. ಇವತ್ತು ಮೂವತ್ತೊಂದು ಜನ ವಾಪಸ್. ಒಂದು ಕುಟುಂಬ ಹಾಸನದಿಂದ ಬಂದಿತ್ತು, ಎಂಟು ಜನ. ತಾತನಿಗೆ ವಾಕರ್. "ತಾತ ಬಿಟ್ಟು ನಾವು ಹೋಗಲ್ಲ" ಎಂದು ಎಂಟೂ ಜನ ತಿರುಗಿ ಹೋದರು. ತಾತ ವಾಪಸ್ ಗಾಡಿ ಹತ್ತುವಾಗ ಎಲ್ಲರ ಹತ್ತಿರ ಸಾರಿ ಕೇಳುತ್ತಿದ್ದರು. ಅವರು ಯಾಕೆ ಸಾರಿ ಕೇಳಬೇಕು?

ಸಂಜೆ ಐಸ್‌ಕ್ರೀಮ್ ತಿನ್ನುತ್ತಾ ಇಳಿದ ಕಾಲೇಜು ಹುಡುಗಿಯರನ್ನು ನೋಡುತ್ತಿದ್ದೆ. ಮೇಲಿನ ಕ್ಯಾಂಟೀನಿನದು. ತಟ್ಟನೆ ಹೊಳೆಯಿತು — ಈ ಐಸ್‌ಕ್ರೀಮ್ ಮೇಲೆ ಹೇಗೆ ಹೋಯಿತು?

ಗ್ಯಾಸ್ ಸಿಲಿಂಡರ್? ನೀರಿನ ಕ್ಯಾನ್? ಐನೂರ ಹನ್ನೆರಡು ಮೆಟ್ಟಿಲಿನ ಮೇಲೆ ಯಾರೂ ಸಿಲಿಂಡರ್ ಹೊತ್ತದ್ದನ್ನು ಹದಿನೈದು ತಿಂಗಳಲ್ಲಿ ನಾನು ನೋಡಿಲ್ಲ.

ಜನವರಿ 30

ಹಿಂದುಗಡೆ ರಸ್ತೆ ಇದೆ!

ಗುಡ್ಡದ ಬೆನ್ನಿಗೆ, ಸ್ಟಾಫ್ ಗೇಟ್ ದಾಟಿ. ಮೆಟಲ್ ರೋಡು, ನಾಲ್ಕು ತಿರುವು. ಪಿಕಪ್ ಗಾಡಿಯ ಮಧು ದಿನಾ ಮಧ್ಯಾಹ್ನ ಮೂರಕ್ಕೆ ಸಾಮಾನು ಹತ್ತಿಸುತ್ತಾನೆ, ಆರಕ್ಕೆ ಕ್ಯಾಂಟೀನಿನ ಕಸ ಇಳಿಸುತ್ತಾನೆ. ಕೇಬಲ್ ಕಾರ್ ಕಟ್ಟುವಾಗ ಮಾಡಿದ ರಸ್ತೆಯಂತೆ. "ಯಾಕಕ್ಕಾ, ನಿಂಗೆ ಗೊತ್ತಿರ್ಲಿಲ್ವಾ?" ಎಂದ.

ಗೊತ್ತಿರಲಿಲ್ಲ. ಆ ಕಡೆ ಹೋಗುವ ಕೆಲಸವೇ ಬಿದ್ದಿರಲಿಲ್ಲ. ನನ್ನ ಪ್ರಪಂಚ ಒಂದು ಕಿಟಕಿಯಷ್ಟು.

ಸಿಲಿಂಡರ್ ಹೋಗುತ್ತೆ. ಜನ ಹೋಗಲ್ಲ.

ಫೆಬ್ರವರಿ 1

ಮ್ಯಾನೇಜರ್ ವಿಶ್ವಾರಾಧ್ಯ ಸರ್ ಹತ್ತಿರ ಕೇಳಿದೆ. ಪೂರ್ತಿ ಕೇಳಿಸಿಕೊಂಡರು, ಅದು ಅವರ ಒಳ್ಳೆಯ ಗುಣ.

"ಗೂಡ್ಸ್ ಗಾಡಿ ಅದು, ಪ್ಯಾಸೆಂಜರ್ ಕೂರಿಸೋ ಹಾಗಿಲ್ಲ. ತಿರುವಿಗೆ ತಡೆಗೋಡೆ ಇಲ್ಲ. ಇನ್ಶೂರೆನ್ಸ್ ಇಲ್ಲ. ಡೋಲಿ ಇದೆಯಲ್ಲಮ್ಮ?"

"ಅದ್ರಲ್ಲಿ ಕೂರೋಕೆ ಎಷ್ಟೋ ಜನಕ್ಕೆ ಇಷ್ಟ ಇಲ್ಲ ಸರ್. ವಾಪಸ್ ಹೋಗ್ತಾರೆ."

"ಯಾರು ಹೋಗ್ತಾರೆ? ಟಿಕೆಟ್ ಸೇಲ್ ನೋಡು. ಕಾರು ನಿಂತ್ಮೇಲೂ ಅಷ್ಟೇ ಇದೆ."

ಇದು ನಿಜವಿರಬಹುದೆಂದು ಒಂದು ಕ್ಷಣ ಅನಿಸಿತು. ಹೊರಗೆ ಬಂದ ಮೇಲೆ ಹೊಳೆಯಿತು. ಹೊಂಗೆ ಮರದ ಕಟ್ಟೆಯ ಮೇಲೆ ಕೂತವರೂ ಟಿಕೆಟ್ ತೆಗೆದವರೇ. ಗೇಟಿನಿಂದ ತಿರುಗಿ ಹೋದವರು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆ ಬಿಟ್ಟರೆ.

ನನ್ನ ಕಾಂಟ್ರ್ಯಾಕ್ಟ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಾಯಿ ಮುಚ್ಚಿಕೊಂಡಿರು ಎಂದು ಅಮ್ಮ.

ಫೆಬ್ರವರಿ 16, ಭಾನುವಾರ

ಎರಡು ವಾರ ಏನೂ ಬರೆಯಲಿಲ್ಲ. ಬರೀ ಗೀಟು. ಮೇಡಂ ಐದನೇ ತಾರೀಖಿನ ಬುಧವಾರವೂ ಬರಲಿಲ್ಲ, ಹನ್ನೆರಡಕ್ಕೂ ಬರಲಿಲ್ಲ.

ನಿನ್ನೆ ಕೊಟ್ರಬಸಪ್ಪ ಯಾರನ್ನೋ ಬಿಡಲು ಬಂದಿದ್ದ. ಕೇಳಿದೆ. ಎಡಗಾಲಿನ ಬೆರಳಿಗೆ ಗಾಯವಾಗಿ ಆಸ್ಪತ್ರೆಯಲ್ಲಿದ್ದರಂತೆ. ಶುಗರ್. ಬಲಗಾಲು ಹೋಗಿದ್ದೂ ಹಾಗೆಯೇ. ಇವತ್ತು ಅರ್ಧ ದಿನ ರಜೆ ಹಾಕಿ ವಿನೋಬನಗರದ ಅವರ ಮನೆಗೆ ಹೋದೆ. ಅವರ ತಮ್ಮನ ಮಗಳು ನವ್ಯಾ ಬಾಗಿಲು ತೆಗೆದಳು. ಅವಳೇ ನೋಡಿಕೊಳ್ಳುತ್ತಾಳೆ.

ಮೇಡಂ ಮಂಚದ ಮೇಲೆ ಕೂತು ಪದಬಂಧ ತುಂಬುತ್ತಿದ್ದರು. ಎಡಗಾಲಿಗೆ ಬ್ಯಾಂಡೇಜ್. ನೋಡಲಾಗಲಿಲ್ಲ. ಅವರು ನನ್ನ ಕಣ್ಣು ಎಲ್ಲಿ ಹೋಯಿತೆಂದು ನೋಡಿದರು.

"ಒಂದು ಬೆರಳು ತೆಗೀಬೇಕಂತೆ. ಈ ತಿಂಗಳ ಕೊನೆಗೆ. ಅದು ಬಿಡು. ಸಂಜೆ ನಿಂತು ನೋಡಿದ್ಯಾ?"

ನೋಡಿರಲಿಲ್ಲ. ಮ್ಯಾನೇಜರ್ ಬೇಡ ಅಂದ ಮೇಲೆ ಮನಸ್ಸು ಕುಗ್ಗಿತ್ತು. ಹಿಂದಿನ ರಸ್ತೆ, ಪಿಕಪ್, ಎಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು — "ಮುಂದಿನ ಸೀಟು ಎಷ್ಟು ಎತ್ತರ?"

ನವ್ಯಾ ಅಡುಗೆಮನೆಯಿಂದಲೇ ಕೂಗಿದಳು. "ಅತ್ತೇ!"

"ಕೇಳಿದೆ ಅಷ್ಟೇ."

ಕಾಫಿ ಕುಡಿಯುವಾಗ ನವ್ಯಾ ನನ್ನನ್ನು ಹಿತ್ತಲಿಗೆ ಕರೆದಳು. ಡಾಕ್ಟರ್ ಬೆರಳು ಅಂದಿದ್ದಾರಂತೆ, ಆದರೆ ಒಳಗೆ ನೋಡದೆ ಎಷ್ಟು ಅಂತ ಹೇಳಲಾಗುವುದಿಲ್ಲ ಎಂದೂ ಅಂದಿದ್ದಾರಂತೆ. "ಅವ್ರಿಗೂ ಗೊತ್ತು ಅಕ್ಕ. ಅದಕ್ಕೇ ಎಲ್ಲದಕ್ಕೂ ಅವಸರ." ಕುರ್ಚಿಯಲ್ಲಿ ಕೂತು ಹೋಗಿ ಬರಬಹುದಾ ಎಂದು ನಾಳೆ ಡಾಕ್ಟರನ್ನು ಕೇಳುತ್ತಾಳಂತೆ.

ಬಸ್ಸಿನಲ್ಲಿ ಕೂತು ಮಧುಗೆ ಫೋನ್ ಮಾಡಿದೆ. ಆಮೇಲೆ ಮನೋಹರ ಸರ್‌ಗೆ.

ಫೆಬ್ರವರಿ 20, ಗುರುವಾರ. ಬೆಳಗ್ಗೆ 6

ನಿನ್ನೆ ಬರೆಯಲಾಗಲಿಲ್ಲ. ಮೊದಲಿಂದ ಬರೆಯುತ್ತೇನೆ.

ಡಾಕ್ಟರ್ ಒಪ್ಪಿದ್ದರು. ಕಾಲು ನೆಲಕ್ಕೆ ತಾಗಬಾರದು, ಅಷ್ಟೇ. ಮೂರಕ್ಕೆ ಐದು ನಿಮಿಷವಿರುವಾಗ ಕೊಟ್ರಬಸಪ್ಪನ ಆಟೋ ಸ್ಟಾಫ್ ಗೇಟಿಗೆ ಬಂತು. ನವ್ಯಾಳೂ ಬಂದಿದ್ದಳು, ಬಾಯಲ್ಲಿ ಬೈಗುಳ, ಕೈಯಲ್ಲಿ ಫ್ಲಾಸ್ಕ್. ವಿಶ್ವಾರಾಧ್ಯ ಸರ್ ಶಿವಮೊಗ್ಗದಲ್ಲಿ ಮೀಟಿಂಗಿಗೆ ಹೋಗಿದ್ದರು. ಗೊತ್ತಿದ್ದೇ ಆ ದಿನ ಆರಿಸಿದ್ದು. ಅದನ್ನು ನನ್ನಿಂದ ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

ಮೇಡಂ ಆಟೋದಿಂದ ಪಿಕಪ್ಪಿನ ಮುಂದಿನ ಸೀಟಿಗೆ ತಾವೇ ಜರುಗಿದರು, ಹಲಗೆಯ ಮೇಲೆ. ನಾನು ಎಡಗಾಲನ್ನು ಮಾತ್ರ ಎತ್ತಿ ಹಿಡಿದುಕೊಂಡಿದ್ದೆ. ವೀಲ್‌ಚೇರ್ ಹಿಂದೆ, ನೀರಿನ ಕ್ಯಾನುಗಳ ಮಧ್ಯೆ, ಹಗ್ಗ ಬಿಗಿದು. ನಾನು, ನವ್ಯಾ, ಕೊಟ್ರಬಸಪ್ಪ ಹಿಂದೆ ನಡೆದೆವು. ಮಧು ನಡಿಗೆಯ ವೇಗದಲ್ಲೇ ಓಡಿಸಿದ. ಪ್ರತಿ ತಿರುವಿನಲ್ಲೂ ಮೇಡಂ ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಚಿನ ಕಲ್ಲು ಯಾವುದು, ಮಣ್ಣು ಯಾಕೆ ಕೆಂಪು ಎಂದು ಅವನಿಗೆ ಪಾಠ ಮಾಡುತ್ತಿದ್ದರು. ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ ಜಲ್ಲಿಯ ಮೇಲೆ ಒಂದು ಸಲ ಜಾರಿತು. ಗಾಡಿ ನಿಂತಿತು. ಕೊಟ್ರಬಸಪ್ಪ ಚಕ್ರಕ್ಕೆ ಕಲ್ಲು ಕೊಟ್ಟ. ಮತ್ತೆ ಹೊರಟಿತು.

ಆ ಒಂದು ನಿಮಿಷದಲ್ಲಿ ನಾನು ಮಾಡುತ್ತಿರುವುದೇನೆಂದು ನನಗೆ ಅರ್ಥವಾಯಿತು.

ಮೇಲಿನ ಅಂಗಳದಿಂದ ಪ್ಲಾಟ್‌ಫಾರ್ಮಿಗೆ ಏಳು ಮೆಟ್ಟಿಲು. ಮನೋಹರ ಸರ್ ಕಬ್ಬಿಣದ ಶೀಟ್ ಹಾಸಿ ಕಾಯುತ್ತಿದ್ದರು. ಗ್ರೀಸ್ ಡ್ರಮ್ ಉರುಳಿಸಲು ಇಟ್ಟುಕೊಂಡದ್ದು.

"ಕುರ್ಚಿ ತಳ್ಳಿ. ನನ್ನನ್ನ ಎತ್ಬೇಡಿ," ಎಂದರು ಮೇಡಂ.

ತಳ್ಳಿದೆವು.

ನಾಲ್ಕು ಗಂಟೆ. ಬಲಕ್ಕೆ ಭದ್ರೆ, ಎಡಕ್ಕೆ ನಾಲೆ. "ನೋಡಿದ್ಯಾ, ನಾಲೆ," ಎಂದು ನನ್ನ ಕಡೆ ನೋಡದೆ ಹೇಳಿದರು. ಅದರ ಹಿಂದೆ ಬರೀ ಬೂದಿ ಬಣ್ಣದ ಮಸುಕು. ಐದಕ್ಕೆ ಕೆಳಗೆ ವಿಷಲ್ ಹೊಡೆದರು. ವ್ಯೂ ಪಾಯಿಂಟ್ ಖಾಲಿಯಾಯಿತು. ಫ್ಲಾಸ್ಕಿನ ಕಾಫಿ ಕುಡಿದೆವು. ಐದೂವರೆ. ಏನೂ ಇಲ್ಲ. ಕಾಣದೇ ಹೋದರೆ? ಮನೋಹರ ಸರ್ ಗಡಿಯಾರ ನೋಡುತ್ತಿದ್ದರು.

ಐದು ಐವತ್ತೆರಡು.

ಮೊದಲು ಒಂದು ಚುಕ್ಕೆ. ಯಾರದೋ ಮನೆಯ ತಗಡು ಅಂದುಕೊಂಡೆ. ಅದರ ಪಕ್ಕ ಇನ್ನೊಂದು. ಆಮೇಲೆ ಚುಕ್ಕೆಗಳು ಕೂಡಿಕೊಂಡವು. ಅಗಲವಾದ, ಒಂದೊಂದು ಕಡೆ ಒಂದೊಂದು ಥರ ಹರಡಿಕೊಂಡ, ನಡುವೆ ಬಂಡೆಗಳಿಗೆ ಒಡೆದು ಮತ್ತೆ ಸೇರುವ ಬೆಂಕಿಯ ಬಣ್ಣದ ನೀರು. ನಾಲೆ ಅದರ ಮುಂದೆ ದಾರದ ಹಾಗಿತ್ತು. ಅದನ್ನು ನಾನು ಇದು ಅಂದುಕೊಂಡಿದ್ದೆನಾ!

ಮೇಡಂ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ನವ್ಯಾ ಹಿಂದಿನಿಂದ ಭುಜ ಹಿಡಿದುಕೊಂಡಳು. ಆಮೇಲೆ ಮೇಡಂ ಕೈ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ, ತುಂಗೆಯಿಂದ ಭದ್ರೆಯ ತನಕ ಅಳೆದರು. ಮತ್ತೊಮ್ಮೆ ಅಳೆದರು.

"ತಪ್ಪು ಬರೀತಿದ್ದೆ ಕಣೇ," ಎಂದರು.

"ಏನು ಮೇಡಂ?"

"ಬೋರ್ಡ್ ಮೇಲೆ. ಮೂವತ್ತೊಂದು ವರ್ಷ. ಎರಡರ ಮಧ್ಯೆ ಇಷ್ಟು ಜಾಗ ಬಿಡ್ತಿದ್ದೆ ನಾನು." ಎರಡು ಕೈ ಅಗಲಿಸಿದರು. "ತುಂಗೆ ಇಲ್ಲೇ ಇದಾಳೆ ನೋಡು, ಪಕ್ಕದಲ್ಲೇ. ಮಕ್ಕಳಿಗೆಲ್ಲ ದೂರ ಅಂತ ಹೇಳ್ಕೊಟ್ಟೆ."

ಎಷ್ಟು ಸಂತೋಷದಿಂದ ಹೇಳಿದರು! ತಪ್ಪು ಮಾಡಿ ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. ಪೇಪರ್ ಕೊಡು ಅಂದರು. ನನ್ನ ನೋಟ್‌ಬುಕ್ಕಿನಲ್ಲೇ ಎರಡು ಗೆರೆ ಎಳೆದು ನಡುವೆ ಚುಕ್ಕೆ ಇಟ್ಟರು. "ಇದು ನಾವು."

ಆರು ನಾಲ್ಕಕ್ಕೆ ಹೊಳಪು ಹೋಯಿತು. ಹನ್ನೆರಡು ನಿಮಿಷ. ಪಿಕಪ್ಪಿಗೆ ನಿನ್ನೆ ಕಸ ಹೇರಲಿಲ್ಲ. ಇನ್ನೊಂದು ಟ್ರಿಪ್ ಹೊಡೀತೀನಿ ಎಂದ ಮಧು.

ಗೇಟಿನಲ್ಲಿ ಸೆಕ್ಯುರಿಟಿಯವರು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಏನೂ ಹೇಳಲಿಲ್ಲ. ಹೇಳಬೇಕಾದವರಿಗೆ ಹೇಳಿರುತ್ತಾರೆ.

ಫೆಬ್ರವರಿ 21

ಮೆಮೊ ಬಂತು. ಮಧುಗೂ, ಮನೋಹರ ಸರ್‌ಗೂ. ನನ್ನಿಂದಾಗಿ ಅವರಿಗೂ.

ವಿಶ್ವಾರಾಧ್ಯ ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು.

"ಚಕ್ರ ಜಾರಿತಂತೆ?"

"ಹೌದು ಸರ್."

"ಆ ಮೇಡಂಗೆ ಏನಾದ್ರೂ ಆಗಿದ್ರೆ ಯಾರ ಮನೆ ಬಾಗಿಲಿಗೆ ಹೋಗ್ತಿದ್ದೆ ನೀನು? ಮಧುಗೆ ಲೈಸೆನ್ಸ್ ಹೋಗೋದು. ನಾನು ಬೇಡ ಅಂದಿದ್ದು ಚಟಕ್ಕಲ್ಲಮ್ಮ."

ಅವರು ಹೇಳುವುದು ಸರಿ. ತಪ್ಪಾಯ್ತು ಸರ್ ಅಂದೆ. ನನ್ನದೇ ಐಡಿಯಾ, ಅವರಿಬ್ಬರನ್ನು ಬಿಡಿ ಅಂದೆ. ವಿಚಾರಣೆ ಮುಗಿಯುವ ತನಕ ಹತ್ತು ದಿನ ಬರಬೇಡ, ಲಿಖಿತ ಉತ್ತರ ಕೊಡು ಎಂದರು.

ಬಾಗಿಲ ತನಕ ಬಂದಿದ್ದೆ.

"ತನುಜಾ."

"ಸರ್?"

"ಕಾಣ್ತಾ?"

"ಏನು ಸರ್?"

"ಅದೇ... ಎರಡೂ."

"ಕಾಣ್ತು ಸರ್. ಐದು ಐವತ್ತೆರಡಕ್ಕೆ."

ಕಿಟಕಿಯ ಕಡೆ ನೋಡಿದರು. "ನಾಲ್ಕು ವರ್ಷ ಆಯ್ತು ನಾನಿಲ್ಲಿಗೆ ಬಂದು," ಎಂದರು.

ಫೆಬ್ರವರಿ 24

ಉತ್ತರ ಬರೆದೆ. ತಪ್ಪು ಒಪ್ಪಿಕೊಂಡು ಅರ್ಧ ಪುಟ. ಮೇಡಂಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಕಡೆ ವಾಕ್ಯ ತಿದ್ದಿಸಿದರು. ಆಮೇಲೆ ಕೇಳಿದರು. "ನಿನ್ನ ನೋಟ್‌ಬುಕ್ಕಲ್ಲಿ ನೋಡಿದ್ನಲ್ಲ, ಆ ಗೀಟಿನ ಲೆಕ್ಕ ಹಾಕಿದ್ಯಾ?"

"ಅದು ಸುಮ್ನೆ ಮೇಡಂ, ನಂಗೋಸ್ಕರ."

"ನಿನ್ನ ಮ್ಯಾನೇಜರ್‌ಗೆ ಬೇರೆ ಯಾರು ಕೊಡ್ತಾರೆ ಅದನ್ನ?"

ಅಮ್ಮ ಓದುತ್ತಾ ಹೋದಳು, ನಾನು ಕೂಡಿಸಿದೆ. ಡಿಸೆಂಬರ್ ಒಂದರಿಂದ. ಗೇಟಿನಿಂದ ತಿರುಗಿ ಹೋದವರು ಸಾವಿರದ ಏಳುನೂರ ಮೂವತ್ತನಾಲ್ಕು. ಟಿಕೆಟ್ ತೆಗೆದೂ ಕೆಳಗೇ ಕೂತವರು ಎಂಟುನೂರ ಆರು. ಅಮ್ಮ ಎರಡನೇ ಸಲ ಎಣಿಸಿದಳು. ಅಷ್ಟೇ ಬಂತು.

ಕೊನೆಗೆ ಬರೆದೆ — ಇವರೆಲ್ಲ ಮೇಲೆ ಹೋಗಬೇಕೆಂದು ಬಂದವರು. ರಸ್ತೆಯಿದೆ. ತಡೆಗೋಡೆ ಬೇಕು, ಕೂರುವ ಗಾಡಿ ಬೇಕು. ಗೀಟಿನ ಹಾಳೆಗಳನ್ನೂ ಉತ್ತರದ ಜೊತೆ ಲಗತ್ತಿಸಿದೆ.

ಮಾರ್ಚ್ 3

ಹತ್ತು ದಿನ ಮುಗಿಯಿತು. ವಾಪಸ್ ಕಿಟಕಿಗೆ. ಮೇಡಂಗೆ ಶುಕ್ರವಾರ ಆಪರೇಷನ್ ಆಯಿತು. ಎರಡು ಬೆರಳು ತೆಗೆದರು, ಪಾದ ಉಳಿಯುತ್ತದೆ ಎಂದು ಡಾಕ್ಟರ್ ಇವತ್ತು ಹೇಳಿದರಂತೆ. ನವ್ಯಾಳ ಮೆಸೇಜ್ ನೋಡಿ ಕಿಟಕಿಯಲ್ಲೇ ಅತ್ತೆ. ಹೊರಗೆ ನಿಂತಿದ್ದವರು ಕೇಬಲ್ ಕಾರಿಗಾಗಿ ಅಳುತ್ತಿದ್ದೇನೆ ಅಂದುಕೊಂಡರೋ ಏನೋ.

ಮನೋಹರ ಸರ್ ಒಂದು ಸುದ್ದಿ ಹೇಳಿದರು. ನಾನಿಲ್ಲದಾಗ ವಿಶ್ವಾರಾಧ್ಯ ಸರ್ ಒಂದು ಸಂಜೆ ಕೀ ಕೇಳಿ ತೆಗೆದುಕೊಂಡು ಮೆಟ್ಟಿಲು ಹತ್ತಿ ಹೋದರಂತೆ. ಒಬ್ಬರೇ. ಇಳಿದದ್ದು ಆರೂವರೆಗೆ. ಮರುದಿನ ಹೆಡ್ ಆಫೀಸಿಗೆ ನಾಲ್ಕು ಪುಟದ ಪತ್ರ, ಜೊತೆಗೆ ನನ್ನ ಗೀಟಿನ ಹಾಳೆಗಳ ಜೆರಾಕ್ಸ್.

ಮಾರ್ಚ್ 14

ಒಪ್ಪಿಗೆ ಬಂತು. ಹತ್ತು ಸೀಟಿನ ವ್ಯಾನ್, ಬುಧವಾರ ಮತ್ತು ಭಾನುವಾರ, ಎರಡೆರಡು ಟ್ರಿಪ್. ಎರಡನೆಯದು ಸಂಜೆ, ಆರೂಕಾಲಿಗೆ ಇಳಿಯುವುದು. ತಿರುವುಗಳಿಗೆ ಕಬ್ಬಿಣದ ಕಂಬಿ ಹಾಕುತ್ತಿದ್ದಾರೆ. ಏಳು ಮೆಟ್ಟಿಲಿನ ಮೇಲೆ ಮನೋಹರ ಸರ್ ರ‍್ಯಾಂಪ್ ವೆಲ್ಡ್ ಮಾಡಿಸಿದರು. ವ್ಯಾನಿನ ಜೊತೆ ಹೋಗಿ ಬರುವ ಕೆಲಸ ನನ್ನದು. ಕಾಂಟ್ರ್ಯಾಕ್ಟ್ ಮೂರು ತಿಂಗಳು ಮಾತ್ರ ಮುಂದುವರಿಸಿದ್ದಾರೆ. "ಮುಂದಿಂದು ನಾನು ಹೇಳೋಕಾಗಲ್ಲ," ಎಂದರು ವಿಶ್ವಾರಾಧ್ಯ ಸರ್. ಸರಿ.

ಕೇಬಲ್ ಕಾರ್ ಹಾಗೇ ಇದೆ. ಲೆಟರೂ ಇಲ್ಲ, ಡೇಟೂ ಇಲ್ಲ.

ಮಾರ್ಚ್ 19, ಬುಧವಾರ. ಸಂಜೆ 6.50, ಮಾಚೇನಹಳ್ಳಿ ಸ್ಟಾಪ್

ಮೊದಲ ವ್ಯಾನ್. ಸಂಜೆ ಟ್ರಿಪ್ಪಿಗೆ ಏಳು ಜನ. ಕೊನೆಯವರು ಹೊಳೆಹೊನ್ನೂರಿನ ಕರಿಬಸಮ್ಮ. ನಲವತ್ತೈದಿರಬಹುದು, ಟೈಲರಿಂಗ್ ಮಾಡುತ್ತಾರಂತೆ, ಎರಡು ಊರುಗೋಲು. ರ‍್ಯಾಂಪಿನಲ್ಲಿ ಯಾರನ್ನೂ ಹತ್ತಿರ ಬರಗೊಡದೆ ಹತ್ತಿದರು.

ಎಲ್ಲರೂ ತುಂಗೆಯ ಕಡೆ ನಿಂತಿದ್ದರು. ಕರಿಬಸಮ್ಮ ಮಾತ್ರ ಉತ್ತರಕ್ಕೆ ತಿರುಗಿ ಅಲ್ಲೇ ಕಣ್ಣಿಟ್ಟಿದ್ದರು.

"ಅದೇನ್ರೀ ಅಲ್ಲಿ, ಚಪ್ಪಟೆ ಗುಡ್ಡ? ತುದಿಗೆ ಬೆಳ್ಳಗೆ ಏನೋ ಐತಲ್ಲ?"

ನೋಡಿದೆ. ಹೌದು. ನಾನು ಕಂಡೇ ಇರಲಿಲ್ಲ. ಗುಡ್ಡದ ತಲೆ ಮೇಜಿನ ಹಾಗೆ ಸಪಾಟು, ಒಂದು ತುದಿಯಲ್ಲಿ ಬಿಳಿ. ಪಿಕಪ್ ತಂದಿದ್ದ ಮಧು ಕ್ವಾರಿ ಎಂದ. ಮನೋಹರ ಸರ್ ದೇವಸ್ಥಾನ ಎಂದರು. ಬಿಳಿ ಹಾಗೇ ಇತ್ತು, ಅಲ್ಲಾಡಲಿಲ್ಲ.

ಈಗ ಸ್ಟಾಪಿನಿಂದ ಮೇಡಂಗೆ ಫೋನ್ ಮಾಡಿದೆ. ಇನ್ನೂ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಗುಡ್ಡದ ಆಕಾರ ಹೇಳಿದೆ, ದಿಕ್ಕು ಹೇಳಿದೆ. ಹೆಸರು ಹೇಳುತ್ತಾರೆ ಎಂದು ಪೆನ್ ಹಿಡಿದು ಕಾದೆ.

"ಗೊತ್ತಿಲ್ಲ ಮಾರಾಯ್ತಿ," ಎಂದರು. ಹಿಂದೆಯೇ — "ಅಲ್ಲಿಗೆ ರೋಡಿದೆಯಾ, ಮೆಟ್ಟಿಲಾ? ಕೇಳು."

ಯಾರನ್ನು ಕೇಳುವುದು? ಹೊಳೆಹೊನ್ನೂರು ಕಡೆಯ ಬಸ್ಸಿನವರಿಗೆ ಗೊತ್ತಿರಬಹುದು. ಕರಿಬಸಮ್ಮ ನಂಬರ್ ಕೊಟ್ಟು ಹೋಗಿದ್ದಾರೆ, ತಿಳಿದರೆ ಹೇಳಿ ಎಂದು. ಮಂಗಳವಾರ ನನಗೆ ರಜೆ, ಆ ದಿನ ಕೊಟ್ರಬಸಪ್ಪನ ಆಟೋ ಖಾಲಿ ಇದ್ದರೆ... ಬಸ್ ಬಂತು. ಸೀಟಿಲ್ಲ. ನಿಂತೇ ಹೋಗಬೇಕು.